ಬಾರ್ಸಿಲೋನಾದಲ್ಲಿ ಹಡಗು ಹತ್ತುವ ಮುಂಚಿನ ಒಂದು ದಿನ: ಏನು ನೋಡೋದು, ಏನು ಬಿಡೋದು?

ಹದಿನೆಂಟನೇ ಕ್ರಾಸ್ ಕೇಳಿದ್ದು:

ಸೆಪ್ಟೆಂಬರ್ ಕೊನೆಯ ವಾರ ಬಾರ್ಸಿಲೋನಾದಿಂದ ಏಳು ರಾತ್ರಿಯ ಕ್ರೂಸ್. ನಾಲ್ಕು ಜನ, ಅದರಲ್ಲಿ ಇಬ್ಬರಿಗೆ ಅರವತ್ತೈದು ದಾಟಿದೆ. ದುಬೈ ಮೇಲಿಂದ ಶನಿವಾರ ಮಧ್ಯಾಹ್ನ ಒಂದೂವರೆಗೆ ಇಳಿಯುತ್ತೇವೆ. ಹಡಗು ಭಾನುವಾರ ಸಂಜೆ ಆರಕ್ಕೆ, ಜಾಗ "ಮೊಲ್ ಅದೊಸಾತ್" ಅಂತ ಬರೆದಿದೆ. ದಾರಿಯಲ್ಲಿ ಮಾರ್ಸೇ, ಜಿನೋವಾ, ಚಿವಿತಾವೆಕ್ಯಾ, ಪಲೆರ್ಮೊ, ಟುನೀಶಿಯಾದ ಲಾ ಗುಲೆತ್.

ಯುರೋಪ್ ಎಲ್ಲರಿಗೂ ಹೊಸದು. ಕೇಳಬೇಕಾದ್ದು ಇಷ್ಟು: ನಾಲ್ಕು ದೊಡ್ಡ ಸೂಟ್‌ಕೇಸ್ ಇಟ್ಟುಕೊಂಡು ಊರಿಗೆ ಬಸ್ಸೋ ಟ್ಯಾಕ್ಸಿಯೋ? ಹೋಟೆಲ್ ಬಂದರಿನ ಹತ್ತಿರವೇ ಬೇಕಾ? ಶನಿವಾರ ಸಂಜೆಯೊಳಗೆ ಸಗ್ರಾದ ಫಮಿಲಿಯಾ ಚರ್ಚು, ಪಾರ್ಕ್ ಗ್ವೆಲ್, ರಾಂಬ್ಲಾ ಬೀದಿ ಮೂರೂ ಮುಗಿಯುತ್ತವಾ? ಎಲ್ಲರೂ ಸಸ್ಯಾಹಾರಿಗಳು, ಹಿರಿಯರಿಬ್ಬರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಜೇಬುಗಳ್ಳರ ಬಗ್ಗೆ ಎಲ್ಲ ಕಡೆ ಹೆದರಿಸುತ್ತಿದ್ದಾರೆ, ನಿಜವಾಗಿ ಏನು ಮಾಡಬೇಕು?

---

ಲಂಗರು:

ಊರು, ಊಟ ಎಲ್ಲ ಆಮೇಲೆ. ನೀವು ಕೇಳದೇ ಬಿಟ್ಟ ಪ್ರಶ್ನೆಯಿಂದಲೇ ಶುರು ಮಾಡೋಣ. ನಾಲ್ಕೂ ಪಾಸ್‌ಪೋರ್ಟ್ ತೆಗೆದು ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಕೂಟ) ವೀಸಾ ಸ್ಟಿಕ್ಕರ್‌ನಲ್ಲಿ "ಎಂಟ್ರಿಗಳ ಸಂಖ್ಯೆ" ಅನ್ನುವ ಜಾಗ ನೋಡಿ. ಅಲ್ಲಿ 01 ಇದ್ದರೆ ತೊಂದರೆ. ಲಾ ಗುಲೆತ್ ಇರುವುದು ಟುನೀಶಿಯಾದಲ್ಲಿ, ಅಂದರೆ ಷೆಂಗೆನ್ ಹೊರಗೆ. ಅಲ್ಲಿಗೆ ಹೋಗಿ ವಾಪಸ್ ಬಂದರೆ ಅದು ಎರಡನೇ ಪ್ರವೇಶ. 02 ಅಥವಾ ಮಲ್ಟ್ (ಅಂದರೆ ಹಲವು ಸಲ) ಅಂತ ಇರಬೇಕು. ಹಾಗಿಲ್ಲದಿದ್ದರೆ ಹಡಗಿನ ಚೆಕ್-ಇನ್ ಕೌಂಟರಿನಲ್ಲೇ ತಡೆಯುತ್ತಾರೆ, ಬಂದರಿನ ತನಕ ಹೋಗಿ ನಿಂತಮೇಲೆ ಯಾರೂ ಏನೂ ಮಾಡಲಾರರು. "ಆ ಬಂದರಿನಲ್ಲಿ ನಾವು ಇಳಿಯೋದೇ ಇಲ್ಲ" ಅನ್ನುವ ವಾದವನ್ನು ನಂಬಿಕೊಂಡು ಹೊರಡಬೇಡಿ. ಟುನೀಶಿಯಾ ಕಡೆಯಿಂದ ಏನು ಕಾಗದ ಬೇಕು ಅನ್ನುವುದನ್ನೂ ಕ್ರೂಸ್ ಕಂಪನಿಯಿಂದ ಇಮೇಲ್‌ನಲ್ಲೇ ಬರೆಸಿಕೊಳ್ಳಿ. ಫೋನಿನಲ್ಲಿ ಯಾರೋ ಹೇಳಿದ "ಆಗುತ್ತೆ ಸಾರ್" ಕೌಂಟರಿನಲ್ಲಿ ನಡೆಯುವುದಿಲ್ಲ. ವೀಸಾದಲ್ಲಿ ಕೊಟ್ಟ ದಿನಗಳ ಲೆಕ್ಕದಲ್ಲಿ ಇಳಿಯುವ ದಿನ, ಹೊರಡುವ ದಿನ ಎರಡೂ ಸೇರುತ್ತವೆ, ಅದನ್ನೂ ಕೂಡಿಸಿ ನೋಡಿ.

ಇನ್ನು ಇಳಿದ ಮೇಲೆ. ದುಬೈ ಮೇಲಿಂದ ಬಂದರೆ ಷೆಂಗೆನ್ ಪ್ರವೇಶದ ತಪಾಸಣೆ ಬಾರ್ಸಿಲೋನಾದಲ್ಲೇ ಆಗುತ್ತದೆ. ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್ ಮೇಲಿಂದ ಬರುವವರಿಗೆ ಅದು ಅಲ್ಲಿಯೇ ಮುಗಿದಿರುತ್ತದೆ, ಹಾಗಾಗಿ ಅವರು ಹೇಳುವ "ಇಳಿದು ಇಪ್ಪತ್ತು ನಿಮಿಷಕ್ಕೆ ಹೊರಗೆ" ಲೆಕ್ಕ ನಿಮಗೆ ಹೊಂದುವುದಿಲ್ಲ. 2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಗಳಲ್ಲಿ ಮುದ್ರೆಯ ಬದಲು ಕಂಪ್ಯೂಟರ್ ದಾಖಲೆ ಹಂತಹಂತವಾಗಿ ಬಂದಿದೆ. ಮೊದಲ ಸಲ ಬರುವವರ ಮುಖದ ಫೋಟೊ ತೆಗೆದು, ಬೆರಳಚ್ಚು ನೋಡುವುದರಿಂದ ಸರದಿ ನಿಧಾನ. ಒಂದೂವರೆಗೆ ಇಳಿದರೆ ಮೂರು ಗಂಟೆಗೆ ಹೊರಗೆ, ನಾಲ್ಕಕ್ಕೆ ಹೋಟೆಲ್ ಅಂತ ಇಟ್ಟುಕೊಳ್ಳಿ. ಹೋಟೆಲ್ ಬುಕಿಂಗ್, ಕ್ರೂಸ್ ಟಿಕೆಟ್, ವಾಪಸ್ ವಿಮಾನ, 30,000 ಯೂರೋ ವಿಮೆಯ ಕಾಗದ, ಇವೆಲ್ಲ ಪ್ರಿಂಟ್ ಆಗಿ ಕೈಚೀಲದಲ್ಲಿರಲಿ. ಕೇಳದೇ ಇರಬಹುದು, ಕೇಳಿದಾಗ ಮೊಬೈಲ್ ಚಾರ್ಜ್ ಹುಡುಕುವ ಹಾಗಾಗಬಾರದು.

ಒಂದು ಸೂಟ್‌ಕೇಸ್ ಬರಲಿಲ್ಲ ಅಂದುಕೊಳ್ಳಿ. ಬೆಲ್ಟಿನ ಹಾಲ್‌ನಿಂದ ಹೊರಗೆ ಬರುವ ಮೊದಲೇ ಅಲ್ಲಿನ ಕೌಂಟರಿನಲ್ಲಿ ದೂರು ಬರೆಸಿ, ಆ ನಂಬರ್ ಇರುವ ಕಾಗದ ಪಡೆಯಿರಿ. ಇಲ್ಲಿ ಆಗುವ ದೊಡ್ಡ ತಪ್ಪು ಹೋಟೆಲ್ ವಿಳಾಸ ಮಾತ್ರ ಕೊಡುವುದು. ಬ್ಯಾಗು ಸೋಮವಾರ ಹೋಟೆಲಿಗೆ ಬರುತ್ತದೆ, ನೀವು ಸಮುದ್ರದ ಮೇಲಿರುತ್ತೀರಿ. ಹಡಗಿನ ಹೆಸರು, ಕ್ಯಾಬಿನ್ ನಂಬರ್, ಯಾವ ತಾರೀಖು ಯಾವ ಬಂದರು, ಅಲ್ಲಿನ ಏಜೆಂಟರ ವಿವರ ಇರುವ ಹಾಳೆಯೊಂದನ್ನು ಮೊದಲೇ ಮಾಡಿಟ್ಟುಕೊಂಡು ಅದನ್ನೇ ಕೊಡಿ. ನಾಲ್ವರ ಬಟ್ಟೆಯನ್ನೂ ನಾಲ್ಕು ಸೂಟ್‌ಕೇಸಿಗೆ ಹಂಚಿ ತುಂಬುವುದು ಹಳೆಯ ಉಪಾಯ, ಆದರೂ ಬಹಳ ಜನ ಮಾಡುವುದಿಲ್ಲ.

ತುಪ್ಪ, ಪೇಡ, ಪನೀರ್, ತಾಜಾ ಕರಿಬೇವು ಮನೆಯಲ್ಲೇ ಇರಲಿ. ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವಂತಿಲ್ಲ. ಹಸಿ ಸೊಪ್ಪು, ಹಣ್ಣುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆ, ತೆಂಗು, ಅನಾನಸ್, ಖರ್ಜೂರ, ಡ್ಯೂರಿಯನ್ ಮಾತ್ರ ಅದಕ್ಕೆ ಹೊರತು. ಚಟ್ನಿಪುಡಿ, ಹುರಿದ ಅವಲಕ್ಕಿ, ಕೋಡುಬಳೆ ತಕರಾರಿಲ್ಲ.

---

ಎಡಗಡೆ ಕಿಟಕಿ:

ವೀಸಾ ವಿಚಾರ ಲಂಗರು ಹೇಳಿಯಾಗಿದೆ. ನಾನು ಸಾಗಾಟದ್ದು ಮಾತ್ರ ಹೇಳುತ್ತೇನೆ.

ವಿಮಾನ ನಿಲ್ದಾಣದಿಂದ ಊರಿಗೆ ಬರುವ ಏರೋಬುಸ್ ಒಳ್ಳೆಯ ಬಸ್ಸು. ಟರ್ಮಿನಲ್ ಟಿ1ರಿಂದ ಎ1 ಬಸ್ಸು, ಟಿ2ರಿಂದ ಎ2, ಪ್ಲಾಸಾ ಎಸ್ಪಾನ್ಯಾ, ಯೂನಿವರ್ಸಿತಾತ್ ಮೇಲಿಂದ ಪ್ಲಾಸಾ ಕತಲುನ್ಯಾಕ್ಕೆ ಸುಮಾರು 35 ನಿಮಿಷ. ಆದರೆ ತಲೆಗೆ 7 ಯೂರೋ ಮೇಲೆ. ನಾಲ್ಕು ಜನಕ್ಕೆ 28 ದಾಟಿತು, ಆಮೇಲೆ ಅಲ್ಲಿಂದ ಹೋಟೆಲಿಗೆ ಇನ್ನೊಂದು ಟ್ಯಾಕ್ಸಿ. ನೇರ ಟ್ಯಾಕ್ಸಿಗೆ 30ರಿಂದ 40 ಯೂರೋ ಒಳಗೆ ಆಗುವಾಗ ಬಸ್ಸಿನಲ್ಲಿ ಉಳಿತಾಯವೇ ಇಲ್ಲ. ಒಬ್ಬರೇ ಹೋಗುವವರಿಗೆ ಬಸ್ಸು, ನಾಲ್ವರಿಗೆ ಟ್ಯಾಕ್ಸಿ. ಬಸ್ಸೇ ಹತ್ತುವುದಾದರೆ, ಸಾಮಾನಿನ ಕಟ್ಟೆಯ ಪಕ್ಕದಲ್ಲೇ ಒಬ್ಬರು ನಿಂತಿರಿ. ಎಸ್ಪಾನ್ಯಾ ನಿಲ್ದಾಣದಲ್ಲಿ ಬಾಗಿಲು ತೆರೆದಾಗ ನಿಮ್ಮ ಬ್ಯಾಗು ನಿಮಗಿಂತ ಮೊದಲು ಇಳಿದುಬಿಡಬಹುದು.

ಟ್ಯಾಕ್ಸಿ ಕಪ್ಪು-ಹಳದಿ ಬಣ್ಣದ್ದು, ಹೊರಗೆ ಸಾಲಿನಲ್ಲಿ ನಿಂತಿರುತ್ತವೆ. ಒಳಗೆ ಬಂದು "ಟ್ಯಾಕ್ಸಿ ಟ್ಯಾಕ್ಸಿ" ಅನ್ನುವವರ ಹಿಂದೆ ಹೋಗಬೇಡಿ. ಮಾಮೂಲಿ ಕಾರಿನ ಡಿಕ್ಕಿಗೆ ದೊಡ್ಡ ಸೂಟ್‌ಕೇಸ್ ಎರಡು, ಒತ್ತಿ ತುರುಕಿದರೆ ಮೂರು. ನಾಲ್ಕು ಖಂಡಿತ ಇಲ್ಲ. ಸಾಲು ನಿಯಂತ್ರಿಸುವವರಿಗೆ ದೊಡ್ಡ ಗಾಡಿ ಬೇಕು ಅಂತ ಸೂಟ್‌ಕೇಸ್ ತೋರಿಸಿ. ಶನಿವಾರ, ಭಾನುವಾರ ಮೀಟರ್ ದರ ಹೆಚ್ಚು. ವಿಮಾನ ನಿಲ್ದಾಣದ ಹೆಚ್ಚುವರಿ ಶುಲ್ಕ, ಮೊಲ್ ಅದೊಸಾತ್‌ಗೆ ಹೋಗುವ ಹೆಚ್ಚುವರಿ ಶುಲ್ಕ ಎರಡೂ ಅಧಿಕೃತ. ಚೀಟಿ ಕಾರಿನ ಕಿಟಕಿಯಲ್ಲೇ ಅಂಟಿಸಿರುತ್ತಾರೆ, ಜಗಳಕ್ಕೆ ಹೋಗಬೇಡಿ.

ಹೋಟೆಲ್ ಬಂದರಿನ ಹತ್ತಿರ ಬೇಕಿಲ್ಲ. ಮೊಲ್ ಅದೊಸಾತ್ ಅಂದರೆ ಸಮುದ್ರದೊಳಕ್ಕೆ ಚಾಚಿದ ಉದ್ದನೆಯ ಕಟ್ಟೆ. ಊರಿನ ಯಾವ ಹೋಟೆಲಿನಿಂದಲೂ ಅಲ್ಲಿಗೆ ಸಾಮಾನು ಎಳೆದುಕೊಂಡು ನಡೆಯುವಂತಿಲ್ಲ, ನಡುವೆ ಎತ್ತಿ ಇಳಿಸುವ ಪೋರ್ತಾ ದೆ ಯುರೋಪಾ ಸೇತುವೆ ಬೇರೆ ಇದೆ. ಅದು ಎದ್ದಾಗ ವಾಹನವೆಲ್ಲ ನಿಲ್ಲಬೇಕು. ವರ್ಲ್ಡ್ ಟ್ರೇಡ್ ಸೆಂಟರ್ ಟರ್ಮಿನಲ್ ಆದರೆ ದ್ರಸಾನೆಸ್ ಮೆಟ್ರೊದಿಂದ ಹತ್ತು ನಿಮಿಷದ ನಡಿಗೆ, ಆದರೆ ಅದು ನಿಮ್ಮದಲ್ಲ. ಕೊಲಂಬಸ್ ಕಂಬದ ಬುಡದಿಂದ ನೀಲಿ ಬಂದರು ಬಸ್ಸು ಹೋಗುತ್ತದೆ, ಮೆಟ್ರೊ ಪಾಸ್ ಅದಕ್ಕೆ ನಡೆಯುವುದಿಲ್ಲ. ಕೈಚೀಲದವರಿಗೆ ಸರಿ, ನಿಮಗೆ ಬೇಡ.

ಹಾಗಾಗಿ ಎಶಾಂಪ್ಲ ಬಡಾವಣೆಯಲ್ಲಿ, ಯೂನಿವರ್ಸಿತಾತ್ ಅಥವಾ ಪಸ್ಸೇಜ್ ದೆ ಗ್ರಾಸಿಯಾ ಬೀದಿಯ ಸುತ್ತಮುತ್ತ ಹುಡುಕಿ. 1859ರಲ್ಲಿ ಇಲ್ದೆಫೋನ್ಸ್ ಸೆರ್ದಾ ಹಾಕಿದ ಚೌಕಾಕಾರದ ನಕ್ಷೆ, ಮೂಲೆಗಳನ್ನು ಓರೆಯಾಗಿ ಕತ್ತರಿಸಿದ್ದಾರೆ, ಅಲ್ಲಿ ಟ್ಯಾಕ್ಸಿ ಆರಾಮಾಗಿ ನಿಲ್ಲುತ್ತದೆ. ಅಗಲ ಫುಟ್‌ಪಾತ್. ಹಳೇ ಗಾಥಿಕ್ ಕೇರಿ ನೋಡಲು ಚೆಂದ, ಆದರೆ ಎಷ್ಟೋ ಓಣಿಗಳಿಗೆ ಕಾರು ಹೋಗುವುದಿಲ್ಲ, ಕಲ್ಲುಹಾಸಿನ ಮೇಲೆ ಚಕ್ರ ಕಿತ್ತುಬರುತ್ತದೆ, ಶನಿವಾರ ರಾತ್ರಿ ಎರಡರವರೆಗೂ ಗಲಾಟೆ.

ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿಯುವವರು ಇದೊಂದು ಗಮನಿಸಿ. ಹಳೇ ಕಟ್ಟಡಗಳಲ್ಲಿ ನೆಲಮಹಡಿಯ ಮೇಲೆ "ಎಂತ್ರೆಸೋಲ್", ಅದರ ಮೇಲೆ "ಪ್ರಿನ್ಸಿಪಾಲ್", ಆಮೇಲೆ "1". ಜಾಹೀರಾತಿನಲ್ಲಿ ಒಂದನೇ ಮಹಡಿ ಅಂದದ್ದು ನಮ್ಮ ಲೆಕ್ಕದಲ್ಲಿ ಮೂರನೆಯದು. ಲಿಫ್ಟ್ ಇದೆಯಾ ಅಂತ ಕೇಳದೆ ಹಣ ಕಟ್ಟಬೇಡಿ. ಹೋಟೆಲಿನಲ್ಲಿ ಪ್ರವಾಸಿ ತೆರಿಗೆ ಬೇರೆ, ತಲೆಗೆ, ರಾತ್ರಿಗೆ ಇಷ್ಟು ಅಂತ. ಬುಕಿಂಗ್ ಮೊತ್ತದಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ.

ಮೆಟ್ರೊಗೆ: ಟಿ-ಕ್ಯಾಶುವಲ್ ಅನ್ನುವ ಹತ್ತು ಪ್ರಯಾಣದ ಕಾರ್ಡು ಒಬ್ಬರಿಗೆ ಮಾತ್ರ, ನಾಲ್ವರು ಹಂಚಿಕೊಳ್ಳುವಂತಿಲ್ಲ. ಅದು ವಿಮಾನ ನಿಲ್ದಾಣದ ಮೆಟ್ರೊಗೂ ನಡೆಯುವುದಿಲ್ಲ. ಕುಟುಂಬಕ್ಕೆ ಟಿ-ಫಮಿಲಿಯಾರ್, ಎಂಟು ಪ್ರಯಾಣ, ಒಂದೇ ಕಾರ್ಡನ್ನು ತಲೆಗೊಂದು ಸಲ ಒತ್ತಿದರೆ ಆಯಿತು. ಪಸ್ಸೇಜ್ ದೆ ಗ್ರಾಸಿಯಾ ನಿಲ್ದಾಣದಲ್ಲಿ ಎಲ್3 ಮಾರ್ಗದಿಂದ ಎಲ್4ಕ್ಕೆ ಬದಲಾಯಿಸಬೇಡಿ. ನೆಲದಡಿಯ ಸುರಂಗದಲ್ಲಿ ಇಡೀ ಬೀದಿಯಷ್ಟು ನಡೆಸುತ್ತಾರೆ, ಮೊಣಕಾಲು ನೋವಿನವರಿಗೆ ಅದೇ ದಿನದ ಯಾತ್ರೆ ಆಗಿಬಿಡುತ್ತದೆ.

---

ಬೆಳಗಿನ ಬಿಸಿಲು:

ಪಾರ್ಕ್ ಗ್ವೆಲ್ ಬಿಡಿ. ಅದು ಗುಡ್ಡದ ಮೇಲಿದೆ, ಲೆಸೆಪ್ಸ್ ಮೆಟ್ರೊದಿಂದ ಏರುದಾರಿಯಲ್ಲಿ ಕಾಲುಗಂಟೆಗೂ ಹೆಚ್ಚು. ಸಗ್ರಾದ ಫಮಿಲಿಯಾ ಶನಿವಾರ ಸಂಜೆ ಐದಕ್ಕೆ ಇಟ್ಟುಕೊಳ್ಳಿ. ಇಳಿಬಿಸಿಲು ಪಶ್ಚಿಮದ ಗಾಜಿನಿಂದ ಬಿದ್ದು ಇಡೀ ಒಳಾಂಗಣ ಕೆಂಪು-ಕಿತ್ತಳೆ ಆಗುತ್ತದೆ.

---

ಲಂಗರು:

@ಬೆಳಗಿನ ಬಿಸಿಲು, ಬಣ್ಣದ ಮಾತು ಒಪ್ಪಿದೆ, ವೇಳೆಯದು ಒಪ್ಪಲಾರೆ. ಅದು ವಾರದ ದಿನಕ್ಕೆ ಸರಿ. ಶನಿವಾರ ಸಂಜೆ ಆರಕ್ಕೇ ಮುಚ್ಚುತ್ತಾರೆ. ಟಿಕೆಟ್ ಆನ್‌ಲೈನ್ ಮಾತ್ರ, ವೇಳೆ ನಿಗದಿ, ತಡವಾದರೆ ಹಣ ಹೋದಂತೆ. ದುಬೈಯಲ್ಲಿ ವಿಮಾನ ಒಂದು ಗಂಟೆ ತಡವಾದರೆ, ಪಾಸ್‌ಪೋರ್ಟ್ ಸರದಿ ಉದ್ದವಿದ್ದರೆ, ನಾಲ್ಕು ಟಿಕೆಟ್ ನೂರು ಯೂರೋ ನೀರಿಗೆ. ಬಂದಿಳಿದ ದಿನಕ್ಕೆ ವೇಳೆ ಕಟ್ಟಿದ ಯಾವ ಟಿಕೆಟ್ಟನ್ನೂ ಕೊಳ್ಳಬಾರದು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಪೂಜೆ ಇರುವುದರಿಂದ ಪ್ರವಾಸಿಗರಿಗೆ ಹತ್ತೂವರೆಗೆ ಬಾಗಿಲು. ಮೊದಲ ಸ್ಲಾಟ್ ಹಿಡಿಯಿರಿ. ಆ ಹೊತ್ತಿಗೆ ಬಿಸಿಲು ಪೂರ್ವದ ಕಡೆಯಿಂದ, ಅಂದರೆ ಹಸಿರು-ನೀಲಿ ಗಾಜಿನಿಂದ. ಕೆಂಪಿಗಿಂತ ಏನೂ ಕಡಿಮೆಯಲ್ಲ. ಗೋಪುರದ ಟಿಕೆಟ್ ಬೇಡ. ಮೇಲೆ ಹೋಗಲು ಲಿಫ್ಟ್, ಇಳಿಯುವುದು ಇಕ್ಕಟ್ಟಿನ ಸುರುಳಿ ಮೆಟ್ಟಿಲಲ್ಲಿ. ನೆಲದ ಮಟ್ಟದಲ್ಲಿ ನೋಡಲು ಬೇಕಾದಷ್ಟಿದೆ. 1882ರಲ್ಲಿ ಅಡಿಗಲ್ಲು, ಮರುವರ್ಷ ವಾಸ್ತುಶಿಲ್ಪಿ ಗೌದಿ ಕೈಗೆ ಬಂತು, 1926ರಲ್ಲಿ ಅವನು ತೀರಿಕೊಂಡಾಗ ಕಾಲುಭಾಗವೂ ಆಗಿರಲಿಲ್ಲ. ಒಳಗಿನ ಕಂಬಗಳು ಮರದ ಹಾಗೆ ಮೇಲೆ ಹೋಗಿ ಕೊಂಬೆಯೊಡೆಯುತ್ತವೆ. ಭಾರ ಆ ಕೊಂಬೆಗಳಲ್ಲೇ ನೆಲಕ್ಕಿಳಿಯುವುದರಿಂದ ಹೊರಗೋಡೆಗೆ ದೊಡ್ಡ ಆನಿಕೆ ಬೇಕಾಗಿಲ್ಲ. ಅಲ್ಲಿ ಕೂತು ನೋಡಲು ಬೆಂಚುಗಳಿವೆ.

ಲೆಕ್ಕ ಹೀಗೆ: ಒಂಬತ್ತೂವರೆಗೆ ರೂಂ ಖಾಲಿ ಮಾಡಿ ಸೂಟ್‌ಕೇಸ್ ರಿಸೆಪ್ಷನ್‌ನಲ್ಲಿ ಬಿಡಿ (ಬಸಿಲಿಕಾದೊಳಗೆ ದೊಡ್ಡ ಬ್ಯಾಗು ಬಿಡುವುದಿಲ್ಲ). ಹತ್ತೂಕಾಲಿಗೆ ಗೇಟು, ಹನ್ನೆರಡಕ್ಕೆ ಹೊರಗೆ, ಒಂದು ಗಂಟೆಗೆ ಸಾಮಾನಿನ ಸಮೇತ ಟ್ಯಾಕ್ಸಿ. "ಹಡಗು ಆರಕ್ಕೆ" ಅಂದರೆ ಚೆಕ್-ಇನ್ ಕೌಂಟರ್ ಆರರವರೆಗೆ ಅಂತ ಅಲ್ಲ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ ಮುಂಚೆ ಮುಚ್ಚುತ್ತಾರೆ, ಹಡಗು ವಿಮಾನದ ಹಾಗೆ ಹೆಸರು ಕೂಗಿ ಕರೆಯುವುದಿಲ್ಲ.

ಶನಿವಾರ ಸಂಜೆಗೆ ಪಸ್ಸೇಜ್ ದೆ ಗ್ರಾಸಿಯಾ ಸಾಕು. ಗೌದಿ ವಿನ್ಯಾಸದ ಕಾಸಾ ಬಾತ್ಯೊ, ಕಾಸಾ ಮಿಲಾ ಮನೆಗಳನ್ನು ಹೊರಗಿನಿಂದ ನೋಡಲು ಕಾಸಿಲ್ಲ. ಕಾಲಡಿಯ ಆರು ಮೂಲೆಯ ಹೆಂಚನ್ನೂ ನೋಡಿ, ಅದೂ ಗೌದಿಯದೇ ವಿನ್ಯಾಸ. ಆ ತಿಂಗಳು ಸೂರ್ಯಾಸ್ತ ಏಳೂಮುಕ್ಕಾಲರ ಹತ್ತಿರ. ಊರಿಗಿಂತ ಮೂರೂವರೆ ಗಂಟೆ ಹಿಂದೆ ಇರುವುದರಿಂದ ಏಳಕ್ಕೇ ಕಣ್ಣು ಎಳೆಯುತ್ತದೆ. ಬೆಳಕಿರುವಷ್ಟು ಹೊತ್ತು ಹೊರಗೆ ನಡೆದಾಡಿದರೆ ಒಂಬತ್ತೂವರೆಯವರೆಗೆ ತಡೆಯಬಹುದು. ಹಾಗೆ ಮಾಡದಿದ್ದರೆ ಬೆಳಗಿನ ಜಾವ ಮೂರಕ್ಕೆ ನಾಲ್ವರೂ ಎದ್ದು ಕೂತಿರುತ್ತೀರಿ.

---

ಬೆಳಗಿನ ಬಿಸಿಲು:

ಶನಿವಾರದ ವೇಳೆ ನನಗೆ ಹೊಳೆಯಲಿಲ್ಲ, ಭಾನುವಾರವೇ ಸರಿ. ಆದರೆ ಇನ್ನೊಂದು ಮಾತು: ಸೆಪ್ಟೆಂಬರ್ 24 ಲಾ ಮೆರ್ಸೆ, ಊರಿನ ದೊಡ್ಡ ಹಬ್ಬ, ಆಸುಪಾಸಿನ ದಿನಗಳೂ ಸೇರುತ್ತವೆ. ನಿಮ್ಮ ವಾರಾಂತ್ಯ ಅದಕ್ಕೆ ತಗಲಿದರೆ ಕೇಂದ್ರದ ಕೆಲವು ರಸ್ತೆ ಬಂದ್. ಭಾನುವಾರ ಟ್ಯಾಕ್ಸಿಗೆ ಅರ್ಧ ಗಂಟೆ ಹೆಚ್ಚಿಗೆ ಇಡಿ. ಪ್ಲಾಸಾ ಸಾಂತ್ ಜೌಮೆಯಲ್ಲಿ "ಕಾಸ್ತೆಲ್" ಅನ್ನುವ ಮನುಷ್ಯ ಗೋಪುರ ಕಟ್ಟುತ್ತಾರೆ. ನಮ್ಮ ಉಡುಪಿಯ ವಿಟ್ಲಪಿಂಡಿಯ ಮೊಸರು ಕುಡಿಕೆ ನೋಡಿದವರಿಗೆ ಮೊದಲ ಮೂರು ಅಂತಸ್ತು ಗುರುತು ಸಿಗುತ್ತದೆ. ಅದರ ಮೇಲೆ ಇನ್ನೂ ಐದಾರು ಏರುತ್ತವೆ, ತುದಿಗೆ ಒಂದು ಪುಟ್ಟ ಮಗು ಹತ್ತಿ ಕೈ ಎತ್ತಿದರೆ ಪೂರ್ತಿ. ರಾತ್ರಿಯ "ಕೊರೆಫೋಕ್" ಮಾತ್ರ ದೂರದಿಂದ. ದೆವ್ವದ ವೇಷದವರು ಕಿಡಿ ಉಗುಳುವ ಪಟಾಕಿ ಹಿಡಿದು ಜನರ ನಡುವೆಯೇ ಓಡುತ್ತಾರೆ, ಸಿಂಥೆಟಿಕ್ ಸೀರೆ ಅಥವಾ ಜಾಕೆಟ್‌ಗೆ ತೂತು ಗ್ಯಾರಂಟಿ.

---

ಒಗ್ಗರಣೆ:

ಊಟದ್ದು ನಾ ಹೇಳ್ತೀನ್ರಿ.

ಮೊದಲನೇ ತೊಂದರೆ ವೇಳೆ. ಮಧ್ಯಾಹ್ನದ ಊಟ ಒಂದೂವರೆಯಿಂದ ನಾಲ್ಕರ ತನಕ, ಆಮೇಲೆ ಅಡುಗೆಮನೆ ಮುಚ್ಚಿದ್ರ ರಾತ್ರಿ ಎಂಟಕ್ಕ ತೆಗೀತಾರ. ನೀವು ಹೋಟೆಲ್ ಮುಟ್ಟೋದು ನಾಲ್ಕಕ್ಕ. ಅಂದ್ರ ಖಾಲಿ ಹೊಟ್ಟಿ. ಎರಡನೇದು, ಭಾನುವಾರ ಸೂಪರ್‌ಮಾರ್ಕೆಟ್ ಬಹುತೇಕ ಬಂದ್, ಬೊಕೆರಿಯಾ ಮಾರ್ಕೆಟ್ಟೂ ಬಂದ್. ಹಂಗಾಗಿ ಶನಿವಾರ ರೂಂ ಸಿಕ್ಕ ಕೂಡ್ಲೆ ಒಬ್ಬರು ಸೂಪರ್‌ಮಾರ್ಕೆಟ್ಟಿಗೆ ಹೋಗಿ ಬ್ರೆಡ್, ಸಪ್ಪನ ಮೊಸರು, ಹಣ್ಣು, ಆಲಿವ್, ಪ್ಯಾಕೆಟ್ ಗಸ್ಪಾಚೊ ತರ್ರಿ. ಗಸ್ಪಾಚೊ ಅಂದ್ರ ಟೊಮೆಟೊ, ಸೌತಿಕಾಯಿ, ಬಳ್ಳೊಳ್ಳಿ ರುಬ್ಬಿದ ತಣ್ಣನ ಸಾರು, ಒಂದೀಟು ಉಪ್ಪು, ಖಾರ ಬಿದ್ರ ನಮ್ಮದೇ ಆಗ್ತದ. ಚಟ್ನಿಪುಡಿ ಮೊಸರಿಗೆ ಕಲಸಿ ಬ್ರೆಡ್ಡಿಗೆ ಹಚ್ಚಿದ್ರ ರಾತ್ರಿ ಊಟ ಮುಗೀತು. ನಲ್ಲಿ ನೀರು ಕುಡೀಬಹುದು, ರುಚಿ ಮಾತ್ರ ಒಂದ್ನಮೂನಿ.

ಹೋಟೆಲಿನ್ಯಾಗ "ಸಿನ್ ಕಾರ್ನೆ" (ಮಾಂಸ ಇಲ್ಲದ್ದು) ಅಂದ್ರ ಸಾಲಂಗಿಲ್ಲ. ಅಲ್ಲಿ ಕಾರ್ನೆ ಅಂದ್ರ ಎಷ್ಟೋ ಮಂದಿಗೆ ದೊಡ್ಡ ಮಾಂಸದ ತುಂಡು, ಹಂದಿಯ ಹಮೋನ್ ಚೂರು ಅದರಾಗ ಲೆಕ್ಕಿಲ್ಲ. ಬಿಡಿಸಿ ಹೇಳ್ರಿ: ಸಿನ್ ಕಾರ್ನೆ, ಸಿನ್ ಪೆಸ್ಕಾದೊ (ಮೀನು), ಸಿನ್ ಹಮೋನ್, ಸಿನ್ ಅತೂನ್ (ಟ್ಯೂನಾ ಮೀನು), ಸಿನ್ ವೇವೊ. ಕೊನೀದು ಮೊಟ್ಟಿ. ಇದನ್ನ ಫೋನಿನ್ಯಾಗ ಸ್ಪ್ಯಾನಿಷ್‌ನಲ್ಲಿ ದೊಡ್ಡ ಅಕ್ಷರದಾಗ ಬರದು ತೋರ್ಸೋದು ಬಾಯಿಲೆ ಹೇಳೋದಕ್ಕಿಂತ ಭೇಷ.

ಹೆಸರು ನೋಡಿ ಮೋಸ ಹೋಗೋವು ಇವು. "ಸ್ಯಾಂಡ್‌ವಿಚ್ ವೆಹೆತಾಲ್" ಅಂತ ಬರದಿರ್ತದ, ಒಳಗ ಟ್ಯೂನಾ ಮೀನು, ಬೇಯಿಸಿದ ಮೊಟ್ಟಿ ಇರ್ತಾವ. "ಬಿಕಿನಿ" ಅಂದ್ರ ಹಂದಿಮಾಂಸ, ಚೀಸ್ ಇಟ್ಟು ಸುಟ್ಟ ಬ್ರೆಡ್. "ಎನ್ಸಲಾದಾ ಮಿಕ್ಸ್ತಾ" ಸಲಾಡಿನ ಮ್ಯಾಲ ಟ್ಯೂನಾ. ಪಾಲಕಕ್ಕ ದ್ರಾಕ್ಷಿ, ಪೈನ್ ಬೀಜ ಹಾಕಿ ಮಾಡೋ ಕತಲಾನ್ ಪಲ್ಯ ಛಲೋ, ಆದ್ರ ಹಮೋನ್ ಉದುರಿಸಿರ್ತಾರ. "ಪಾಯೆಯ್ಯಾ" ಅಂದ್ರ ಅನ್ನದ ಅಡಿಗಿ, ತರಕಾರಿ ಪಾಯೆಯ್ಯಾಕ್ಕ ಮೀನಿನ ಸಾರು ಹಾಕ್ಯಾರೇನು ಅಂತ ಕೇಳಬೇಕು. "ಎನ್ಸೈಮಾದಾ" ಅನ್ನೋ ಸುರುಳಿ ಬನ್ನು ನೋಡಾಕ ಚೆಂದ, ಹೆಸರಿನ್ಯಾಗ ಹಂದಿಕೊಬ್ಬು ಐತಿ. ಪೊಟ್ಟಣದ ಮ್ಯಾಲ "ಮಾಂತೇಕಾ" ಕಂಡ್ರ ಬೆಣ್ಣಿ ಅಂತ ತಿಳ್ಕೋಬ್ಯಾಡ್ರಿ, ಅದೂ ಅದೇ.

ಧೈರ್ಯದಿಂದ ತಿನ್ನೋವು: "ಪಾ ಆಂಬ್ ತುಮಾಕತ್", ಸುಟ್ಟ ಬ್ರೆಡ್ಡಿಗೆ ಟೊಮೆಟೊ ತಿಕ್ಕಿ ಆಲಿವ್ ಎಣ್ಣಿ ಹಾಕಿದ್ದು. "ಎಸ್ಕಲಿವಾದಾ", ಬದನಿಕಾಯಿ, ದೊಣ್ಣಮೆಣಸಿನಕಾಯಿ ಕೆಂಡದಾಗ ಸುಟ್ಟು ಸಿಪ್ಪಿ ಸುಲಿದದ್ದು. ಮ್ಯಾಲ ಮೀನು ಇಡಬ್ಯಾಡ್ರಿ ಅನ್ರಿ, ನಮ್ಮ ಎಣ್ಣಗಾಯಿಯ ದೂರದ ಬೀಗರು ಅನ್ನಿಸ್ತದ. ಪತಾತಾಸ್ ಬ್ರಾವಾಸ್ (ಸಾಸ್ ಹಾಕಿದ ಕರಿದ ಆಲೂಗಡ್ಡಿ) ಆಗಬಹುದು, ಬಿಳಿ ಸಾಸಿನ್ಯಾಗ ಮೊಟ್ಟಿ ಇರ್ತದ, ಕೆಂಪು ಅಷ್ಟೇ ಸಾಕನ್ರಿ. ಅನ್ನಾನೇ ಬೇಕಂದ್ರ ರವಾಲ್ ಕೇರಿಯಾಗ ಭಾರತೀಯ, ಪಾಕಿಸ್ತಾನಿ ಹೋಟೆಲ್, ಕಿರಾಣಿ ಅಂಗಡಿ ಸಾಲಾಗಿ ಅದಾವ. ಬೆಳಕಿದ್ದಾಗ ಹೋಗಿ ಬರ್ರಿ.

ಹಡಗಿನ್ಯಾಗಿನ ಇಂಡಿಯನ್ ವೆಜ್ ಅಥವಾ ಜೈನ ಊಟಕ್ಕ ಕೆಲವು ವಾರ ಮೊದ್ಲೇ ಬರದು ತಿಳಿಸಬೇಕು, ಹತ್ತಿದ ಮ್ಯಾಲ ಹೇಳಿದ್ರ ಪಾಸ್ತಾನೇ ಗತಿ. ರೈಸ್ ಕುಕ್ಕರ್, ನೀರು ಕಾಸೋ ಕಾಯಿಲ್, ಕೆಟಲ್ ಒಯ್ಯಬ್ಯಾಡ್ರಿ. ಎಕ್ಸ್‌ರೇದಾಗ ಕಂಡ್ರ ಕಿತ್ತಿಟ್ಟುಕೊಂಡು ಇಳಿಯೋ ದಿನ ಕೊಡ್ತಾರ.

---

ಹದಿನೆಂಟನೇ ಕ್ರಾಸ್:

ತುಂಬಾ ಥ್ಯಾಂಕ್ಸ್. ವೀಸಾ ನೋಡಿದೆ, ಮೂರರಲ್ಲಿ ಮಲ್ಟ್, ಒಂದರಲ್ಲಿ 02. ಭಾನುವಾರ ಹತ್ತೂವರೆ ಸ್ಲಾಟ್ ಮಾಡುತ್ತೇವೆ. ಕಳ್ಳತನ ಮತ್ತು ಹಡಗಿನ ಲಗೇಜ್ ಟ್ಯಾಗ್, ಇವೆರಡು ಬಾಕಿ. ಸಿಮ್ ಕಾರ್ಡಿನ ಬಗ್ಗೆಯೂ ಹೇಳಿ.

---

ಎಡಗಡೆ ಕಿಟಕಿ:

02 ಸಾಕು, ಲೆಕ್ಕ ಸರಿಯಾಗಿದೆ: ಬಾರ್ಸಿಲೋನಾ ಒಂದು, ಟುನೀಶಿಯಾದಿಂದ ವಾಪಸ್ ಎರಡು. ಆ ಪಾಸ್‌ಪೋರ್ಟಿನವರು ಮಧ್ಯೆ ಇನ್ನೆಲ್ಲೂ ಹೊರಗೆ ಹೋಗುವಂತಿಲ್ಲ.

ಅಲ್ಲಿನ ಜೇಬುಗಳ್ಳರು ಹೆದರಿಸುವವರಲ್ಲ, ಗಮನ ತಪ್ಪಿಸುವವರು. ಮೆಟ್ರೊ ಎಲ್3, ರಾಂಬ್ಲಾ, ಸಗ್ರಾದ ಫಮಿಲಿಯಾ ಮುಂದಿನ ಗುಂಪು, ಎಸ್ಕಲೇಟರ್‌ನ ತುದಿ. ಮುಂದಿನವನು ಥಟ್ಟನೆ ನಿಲ್ಲುತ್ತಾನೆ, ಹಿಂದಿನವನ ಕೈ ಕೆಲಸ ಮಾಡುತ್ತದೆ. ಬೆನ್ನ ಮೇಲೆ ಏನೋ ಬಿದ್ದಿದೆ ಅಂತ ಒರೆಸಲು ಬರುವವರು, ಸಹಿ ಹಾಕಿ ಅಂತ ಕಾಗದ ಚಾಚುವವರು, ಎಲ್ಲ ಅದೇ ಆಟ. ಹೊರಗಿನ ಮೇಜಿನ ಮೇಲೆ ಫೋನ್ ಇಡಬೇಡಿ, ಕುರ್ಚಿಗೆ ಚೀಲ ತೂಗುಹಾಕಬೇಡಿ. ಚಿನ್ನದ ಸರ ಊರಲ್ಲೇ ಇರಲಿ.

ನಿಮಗೆ ದುಡ್ಡು ಹೋದರೆ ನಷ್ಟ, ಪಾಸ್‌ಪೋರ್ಟ್ ಹೋದರೆ ಕ್ರೂಸೇ ಹೋಯಿತು. ಶನಿವಾರ ಸಂಜೆ ಕಳೆದುಕೊಂಡರೆ ಭಾನುವಾರ ಯಾವ ಕಚೇರಿಯೂ ಹೊಸ ಪಾಸ್‌ಪೋರ್ಟಿನ ಜೊತೆ ವೀಸಾ ಕೊಡುವುದಿಲ್ಲ. ಹಾಗಾಗಿ ನಾಲ್ಕೂ ರೂಮಿನ ಲಾಕರ್‌ನಲ್ಲಿ, ಹೊರಗೆ ಓಡಾಡಲು ನಕಲು ಪ್ರತಿ. ಲಾಕರ್‌ನಲ್ಲಿ ಬಿಟ್ಟು ಬರುವವರೂ ಕಡಿಮೆಯಿಲ್ಲ, ಅದಕ್ಕೆ ಮರುದಿನ ಹಾಕುವ ಶೂ ಒಂದನ್ನು ಜೊತೆಗೇ ಒಳಗಿಡಿ. ಒಂಟಿ ಶೂನಲ್ಲಿ ಯಾರೂ ಹೊರಡುವುದಿಲ್ಲ. ತುರ್ತಿಗೆ 112.

ಕಾರ್ಡ್ ಮೆಷಿನ್ "ರೂಪಾಯಿಯಲ್ಲಾ, ಯೂರೋದಲ್ಲಾ" ಅಂತ ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರ ದರ, ಅದು ಯಾವಾಗಲೂ ತುಟ್ಟಿ.

ಸಿಮ್: ಯುರೋಪಿಯನ್ ಪ್ಲಾನ್ ಸ್ಪೇನ್, ಫ್ರಾನ್ಸ್, ಇಟಲಿಗೆ ನಡೆಯುತ್ತದೆ, ಟುನೀಶಿಯಾಕ್ಕೆ ಸಾಮಾನ್ಯವಾಗಿ ಇಲ್ಲ. ಹಡಗು ದಡ ಬಿಟ್ಟ ಕೂಡಲೇ ಫೋನು ಸಮುದ್ರದ ಉಪಗ್ರಹ ನೆಟ್‌ವರ್ಕ್ ಹಿಡಿದರೆ ಬಿಲ್ಲು ಗಾಬರಿ ಹುಟ್ಟಿಸುತ್ತದೆ. ಕಟ್ಟೆ ಬಿಡುವ ಮೊದಲೇ ಏರೋಪ್ಲೇನ್ ಮೋಡ್, ಬೇಕಾದರೆ ಹಡಗಿನ ವೈಫೈ.

ಟ್ಯಾಗ್: ಆನ್‌ಲೈನ್ ಚೆಕ್-ಇನ್ ಆದಮೇಲೆ ಬರುವ ಹಾಳೆಯನ್ನು ಬೆಂಗಳೂರಿನಲ್ಲೇ ಪ್ರಿಂಟ್ ಮಾಡಿ, ಗೆರೆಯ ಮೇಲೆ ಮಡಚಿ, ಟೇಪ್ ಸುತ್ತಿ ಇಟ್ಟುಕೊಳ್ಳಿ. ಹಿಡಿಕೆಗೆ ಸಿಕ್ಕಿಸುವುದು ಭಾನುವಾರ ಬೆಳಗ್ಗೆ; ವಿಮಾನಕ್ಕೇ ಸಿಕ್ಕಿಸಿದರೆ ಬೆಲ್ಟಿನಲ್ಲಿ ಹರಿದುಹೋಗುತ್ತದೆ. ಸ್ಟೇಪ್ಲರ್ ಒಂದು ಇದ್ದರೆ ಒಳ್ಳೆಯದು. ಟರ್ಮಿನಲ್ ಬಾಗಿಲಲ್ಲಿ ಹಮಾಲರು ಸೂಟ್‌ಕೇಸ್ ತೆಗೆದುಕೊಂಡರೆ ಅದು ಕ್ಯಾಬಿನ್ ಮುಂದೆ ಬರುವುದು ಸಂಜೆಗೆ, ಕೆಲವೊಮ್ಮೆ ರಾತ್ರಿ ಊಟದ ಹೊತ್ತಿಗೆ. ಪಾಸ್‌ಪೋರ್ಟ್, ಬಿಪಿ-ಸಕ್ಕರೆ ಮಾತ್ರೆ, ಕನ್ನಡಕ, ಚಾರ್ಜರ್, ಒಂದು ಜೊತೆ ಬಟ್ಟೆ ಕೈಚೀಲದಲ್ಲಿ. ಪಾಸ್‌ಪೋರ್ಟನ್ನು ಸೂಟ್‌ಕೇಸಿನಲ್ಲಿಟ್ಟು ಹಮಾಲರಿಗೆ ಕೊಟ್ಟವರನ್ನು ಒಳಗೆ ಬಿಡುವುದಿಲ್ಲ, ಸೂಟ್‌ಕೇಸ್ ಹುಡುಕಿ ತರುವವರೆಗೆ ಪಕ್ಕಕ್ಕೆ ಕೂರಿಸುತ್ತಾರೆ.

ಟ್ಯಾಕ್ಸಿಯವರಿಗೆ ಹಡಗಿನ ಹೆಸರು, ಟರ್ಮಿನಲ್ ಅಕ್ಷರ ಎರಡನ್ನೂ ಹೇಳಿ. ಮೊಲ್ ಅದೊಸಾತ್‌ನಲ್ಲಿ ಟರ್ಮಿನಲ್‌ಗಳು ಒಂದರ ಮುಂದೊಂದು ಸಾಲಾಗಿವೆ, ತಪ್ಪಾದ ಕಡೆ ಇಳಿದರೆ ಸೂಟ್‌ಕೇಸ್ ಎಳೆದುಕೊಂಡು ಬಿಸಿಲಲ್ಲಿ ನಡೆಯಬೇಕು. ಅಕ್ಷರ ಕೊನೇ ಗಳಿಗೆಯಲ್ಲಿ ಬದಲಾಗುವುದುಂಟು, ಶನಿವಾರ ರಾತ್ರಿ ಇಮೇಲ್ ಇನ್ನೊಂದು ಸಲ ತೆರೆದು ನೋಡಿ.